ಸುದ್ದಿ ವಿಮರ್ಶೆ ಬರೆಯುವುದು ಹೇಗೆ? ಮಳೆ ವರದಿಯೊಂದನ್ನು ಇಟ್ಟುಕೊಂಡು ಚರ್ಚೆ

ಕೋಡಿಬಾಗ_ವಿದ್ಯಾರ್ಥಿ

ಕಾರವಾರದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ವಾರಕ್ಕೊಂದು ಸುದ್ದಿಯನ್ನು ವಿಮರ್ಶಿಸಿ ಸುಮಾರು 400 ಪದಗಳಲ್ಲಿ ಬರೆದು ಕೊಡಬೇಕು. ನಾವು ಬರೆಯುವುದೆಲ್ಲ "ಚೆನ್ನಾಗಿದೆ, ಇನ್ನೂ ಮಾಹಿತಿ ಬೇಕಿತ್ತು, ಶೀರ್ಷಿಕೆ ಆಕರ್ಷಕವಾಗಿದೆ" ಎಂಬಲ್ಲಿಗೆ ನಿಂತುಬಿಡುತ್ತದೆ. ಇದು ಅಭಿಪ್ರಾಯ, ವಿಮರ್ಶೆಯಲ್ಲ ಎಂದು ಮೇಷ್ಟ್ರು ಹೇಳುತ್ತಾರೆ. ಎಲ್ಲಿಂದ ಹಿಡಿಯಬೇಕು?

ತರಗತಿಯ ಅಭ್ಯಾಸಕ್ಕೆಂದೇ ಬರೆದುಕೊಟ್ಟ ಕಾಲ್ಪನಿಕ ವರದಿ ಇದು. ಯಾವ ಪತ್ರಿಕೆಯದ್ದೂ ಅಲ್ಲ, ನಡೆದ ಘಟನೆಯೂ ಅಲ್ಲ:

"ಕಾರವಾರ: ಕಳೆದ ಕೆಲವು ದಿನಗಳಿಂದ ಜಿಲ್ಲೆಯಾದ್ಯಂತ ಎಡೆಬಿಡದೆ ಸುರಿಯುತ್ತಿರುವ ಧಾರಾಕಾರ ಮಳೆಗೆ ಜನಜೀವನ ಅಸ್ತವ್ಯಸ್ತಗೊಂಡಿದ್ದು, ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ಸಾವಿರಾರು ಪ್ರಯಾಣಿಕರು ಪರದಾಡುವಂತಾಗಿದ್ದು, ಅವೈಜ್ಞಾನಿಕ ಕಾಮಗಾರಿಯೇ ಇದಕ್ಕೆ ಕಾರಣ ಎನ್ನಲಾಗಿದೆ. ಜಿಲ್ಲೆಯಲ್ಲಿ ದಾಖಲೆಯ 180 ಮಿ.ಮೀ. ಮಳೆ ಸುರಿದಿದೆ. ಕದ್ರಾ ಅಣೆಕಟ್ಟೆಯಿಂದ 20 ಸಾವಿರ ಟಿಎಂಸಿ ನೀರನ್ನು ನದಿಗೆ ಬಿಡಲಾಗಿದ್ದು, ನದಿಪಾತ್ರದ ಜನರು ಆತಂಕದಲ್ಲಿ ದಿನ ದೂಡುವಂತಾಗಿದೆ. ಅಧಿಕಾರಿಗಳು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸಿದರು. ಇಲಾಖೆಯ ನಿರ್ಲಕ್ಷ್ಯಕ್ಕೆ ಸಾರ್ವಜನಿಕರು ಆಕ್ರೋಶ ವ್ಯಕ್ತಪಡಿಸಿದ್ದಾರೆ."

ಡೆಸ್ಕ್_ಮೂಲೆ

ಮೊದಲು ಇದನ್ನು ಕಾಗದದ ಮೇಲೆ ಎರಡು ಸಾಲಿನ ಅಂತರ ಬಿಟ್ಟು ಬರೆದುಕೊಳ್ಳಿ. ಫೋನಿನಲ್ಲಿ ಓದಿ ವಿಮರ್ಶೆ ಬರೆಯಲು ಹೊರಟರೆ ಕಣ್ಣು ಜಾರಿಹೋಗುತ್ತದೆ, ಕೊನೆಗೆ ಉಳಿಯುವುದು ಒಟ್ಟಾರೆ ಅನಿಸಿಕೆ ಮಾತ್ರ.

ಆಮೇಲೆ ವರದಿಯಲ್ಲಿರುವ ಪ್ರತಿಯೊಂದು ಹೇಳಿಕೆಗೂ ಸಂಖ್ಯೆ ಹಾಕಿ. ವಾಕ್ಯಕ್ಕೆ ಅಲ್ಲ, ಹೇಳಿಕೆಗೆ. ಮೊದಲ ವಾಕ್ಯ ಒಂದೇ ಆದರೂ ಅದರಲ್ಲಿ ಹೇಳಿಕೆ ನಾಲ್ಕಿವೆ: ಮಳೆ ಕೆಲವು ದಿನಗಳಿಂದ ಜಿಲ್ಲೆಯಾದ್ಯಂತ ಸುರಿಯುತ್ತಿದೆ, ಗುಡ್ಡ ಕುಸಿದಿದೆ, ಸಾವಿರಾರು ಜನ ಪರದಾಡಿದರು, ಕಾರಣ ಅವೈಜ್ಞಾನಿಕ ಕಾಮಗಾರಿ. ಮುಂದಿನ ವಾಕ್ಯಗಳಲ್ಲಿ ಮಳೆಯ ಅಂಕಿ, ಬಿಟ್ಟ ನೀರಿನ ಅಂಕಿ, ನದಿಪಾತ್ರದ ಜನರ ಆತಂಕ, ಅಧಿಕಾರಿಗಳ ಭೇಟಿ, ಇಲಾಖೆಯ ನಿರ್ಲಕ್ಷ್ಯ, ಸಾರ್ವಜನಿಕರ ಆಕ್ರೋಶ. ಒಟ್ಟು ಹತ್ತು. ಪ್ರತಿಯೊಂದರ ಎದುರು ಎರಡು ಪ್ರಶ್ನೆ ಬರೆಯಿರಿ: ಇದನ್ನು ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು? ಎರಡಕ್ಕೂ ಉತ್ತರ ವರದಿಯೊಳಗೇ ಸಿಗಬೇಕು. ನಿಮಗೆ ಗೊತ್ತಿದೆ ಅಂತ ತುಂಬಿಸಿಕೊಳ್ಳಬಾರದು.

ಈ ವರದಿಯಲ್ಲಿ ಹತ್ತು ಹೇಳಿಕೆಗೆ ಹೆಸರಿಸಿದ ಮೂಲ ಒಂದೂ ಇಲ್ಲ. ವ್ಯಕ್ತಿ ಇಲ್ಲ, ಇಲಾಖೆಯ ಹೆಸರಿಲ್ಲ, ದಾಖಲೆ ಇಲ್ಲ. "ಅಧಿಕಾರಿಗಳು" ಅಂದರೆ ತಹಶೀಲ್ದಾರರೇ, ಹೆದ್ದಾರಿ ಪ್ರಾಧಿಕಾರದ ಎಂಜಿನಿಯರೇ, ಪೊಲೀಸರೇ? "ಇಲಾಖೆ" ಯಾವುದು? ಹೆದ್ದಾರಿ 66 ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿದೆ, ಅದು ಇಲಾಖೆಯೇ ಅಲ್ಲ. ಲೋಕೋಪಯೋಗಿ ಇಲಾಖೆ ಎಂದುಕೊಂಡು ಓದುವವರು ತಪ್ಪು ಕಚೇರಿಯನ್ನು ಬೈಯುತ್ತಾರೆ. ಹತ್ತಕ್ಕೆ ಸೊನ್ನೆ ಎಂಬ ಈ ಎಣಿಕೆಯೇ ನಿಮ್ಮ ವಿಮರ್ಶೆಯ ಮೊದಲ ಪ್ಯಾರಾ. ಅದನ್ನು ಅಭಿಪ್ರಾಯ ಅಂತ ಯಾರೂ ತಳ್ಳಿಹಾಕಲಾರರು.

ಇನ್ನು ವಾಕ್ಯದ ಕಟ್ಟಡ. ಊರ ಹೆಸರು ಬಿಟ್ಟರೆ ಮೊದಲ ವಾಕ್ಯದಲ್ಲಿ 24 ಪದಗಳಿವೆ, "ಗುಡ್ಡ" ಬರುವುದು 15ನೆಯದಾಗಿ. ಅದಕ್ಕಿಂತ ಮುಂಚಿನದೆಲ್ಲ ಜುಲೈ ತಿಂಗಳ ಯಾವ ದಿನಕ್ಕಾದರೂ ಹೊಂದುವ ಮಾತು. "ಗೊಂಡಿದ್ದು", "ಆಗಿದ್ದು" ಎಂದು ಕೊಂಡಿ ಹಾಕುತ್ತ ಹೋಗುವುದು ನಮ್ಮ ಜಿಲ್ಲಾ ಪುಟಗಳ ದೊಡ್ಡ ರೋಗ. ಉದ್ದವೊಂದೇ ಅದರ ದೋಷವಲ್ಲ. ಕೊಂಡಿ ಬಿದ್ದ ಕೂಡಲೇ ಎರಡು ಸಂಗತಿಗಳ ನಡುವೆ ಕಾರಣ–ಪರಿಣಾಮದ ನಂಟು ತಾನಾಗಿ ಹುಟ್ಟಿಕೊಳ್ಳುತ್ತದೆ, ವರದಿಗಾರ ಅದನ್ನು ಸಾಬೀತು ಮಾಡಬೇಕಾದ ಹೊಣೆ ತಪ್ಪಿಹೋಗುತ್ತದೆ. ಕೊಂಡಿಗಳನ್ನು ಕತ್ತರಿಸಿ ಪೂರ್ಣವಿರಾಮ ಇಟ್ಟು ನೋಡಿ. ಯಾವ ತುಂಡು ತನ್ನ ಕಾಲ ಮೇಲೆ ನಿಲ್ಲುವುದಿಲ್ಲವೋ ಅದಕ್ಕೆ ಆಧಾರವಿಲ್ಲ.

ಕೊನೆಯ ಹೆಜ್ಜೆ, ವರದಿಯ ಮೊದಲ ವಾಕ್ಯವನ್ನು ನೀವೇ ತಿರುಗಿ ಬರೆಯುವುದು. ಆದರೆ ಗೊತ್ತಿಲ್ಲದ್ದನ್ನು ಊಹಿಸಬೇಡಿ, ಗೆರೆ ಬಿಡಿ: "ರಾಷ್ಟ್ರೀಯ ಹೆದ್ದಾರಿ 66ರಲ್ಲಿ ____ ತಾಲ್ಲೂಕಿನ ____ ಬಳಿ ____ವಾರ ____ ಗಂಟೆಗೆ ಗುಡ್ಡ ಕುಸಿದು ____ ಗಂಟೆ ಸಂಚಾರ ನಿಂತಿತ್ತು ಎಂದು ____ ತಿಳಿಸಿದ್ದಾರೆ." ಆರು ಗೆರೆ. ವರದಿಗಾರ ಕೇಳದೆ ಬಿಟ್ಟ ಆರು ಪ್ರಶ್ನೆಗಳು ಅವು. ಅವನ್ನು ಪಟ್ಟಿ ಮಾಡಿದರೆ ಎರಡನೇ ಪ್ಯಾರಾ ಆಯಿತು.

ಮಳೆಮಾಪಕ

ಅಂಕಿಗಳನ್ನು ನಾನು ತೆಗೆದುಕೊಳ್ಳುತ್ತೇನೆ. ಇದರಲ್ಲಿರುವುದು ಎರಡೇ ಅಂಕಿ, ಎರಡೂ ಕೆಟ್ಟಿವೆ. ಆದರೆ ಕೆಟ್ಟ ಬಗೆ ಬೇರೆ ಬೇರೆ.

20 ಸಾವಿರ ಟಿಎಂಸಿ ಅಸಾಧ್ಯ. ಟಿಎಂಸಿ ನೀರಿನ ಪ್ರಮಾಣ, ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಕ್ಯೂಸೆಕ್ ಹರಿವಿನ ವೇಗ, ಸೆಕೆಂಡಿಗೆ ಒಂದು ಘನ ಅಡಿ. ಶರಾವತಿಯ ದೊಡ್ಡ ಜಲಾಶಯ ಲಿಂಗನಮಕ್ಕಿ ಪೂರ್ತಿ ತುಂಬಿದರೂ ಹಿಡಿಯುವುದು ಸುಮಾರು 151 ಟಿಎಂಸಿ. ಕಾಳಿ ನದಿಯ ಕೊನೆಯ ಅಣೆಕಟ್ಟೆಯಾದ ಕದ್ರಾ ಅದರ ಮುಂದೆ ತೀರಾ ಚಿಕ್ಕದು. ಬರೆಯಬೇಕಿದ್ದದ್ದು 20 ಸಾವಿರ ಕ್ಯೂಸೆಕ್ ಇದ್ದೀತು. ಅದೇ ಹರಿವು ದಿನವಿಡೀ ಇದ್ದರೆ 20,000 × 86,400 ಸೆಕೆಂಡು, ಅಂದರೆ 172.8 ಕೋಟಿ ಘನ ಅಡಿ, ಸುಮಾರು 1.73 ಟಿಎಂಸಿ. ಒಂದು ಟಿಎಂಸಿ ನೀರು ಒಂದೇ ದಿನದಲ್ಲಿ ಹೋಗಬೇಕಾದರೆ 11,574 ಕ್ಯೂಸೆಕ್ ಹರಿವು ಬೇಕು. ಈ ಒಂದು ಸಂಖ್ಯೆ ನೆನಪಿಟ್ಟುಕೊಂಡರೆ ಜಲಾಶಯದ ಯಾವ ಸುದ್ದಿಯನ್ನೂ ಅರ್ಧ ನಿಮಿಷದಲ್ಲಿ ತೂಗಬಹುದು.

ಘಟಕ ಸರಿಪಡಿಸಿದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಅಣೆಕಟ್ಟೆಯ ಮೇಲ್ಭಾಗದ ಕ್ರಸ್ಟ್ ಗೇಟಿನಿಂದ ಎಷ್ಟು, ವಿದ್ಯುದಾಗಾರದ ಮೂಲಕ ಎಷ್ಟು? ಗೇಟು ತೆರೆದದ್ದು ಎಷ್ಟು ಗಂಟೆಗೆ? ಒಳಹರಿವು ಎಷ್ಟಿತ್ತು? ಆಗ ಸಮುದ್ರದಲ್ಲಿ ಭರತವೋ ಇಳಿತವೋ? ಭರತ ಇದ್ದರೆ ನದಿ ಬಾಯಿಯಲ್ಲಿ ನೀರು ಸರಾಗವಾಗಿ ಇಳಿಯುವುದಿಲ್ಲ, ಕೆಳದಂಡೆಯವರಿಗೆ ಅದೇ ಮುಖ್ಯ. ಇವೆಲ್ಲ ಗೊತ್ತಿರುವುದು ಅಣೆಕಟ್ಟೆ ನಡೆಸುವ ಕರ್ನಾಟಕ ವಿದ್ಯುತ್ ನಿಗಮಕ್ಕೆ ಮತ್ತು ಜಿಲ್ಲಾಡಳಿತಕ್ಕೆ. ವರದಿಯಲ್ಲಿ ಇಬ್ಬರೂ ಇಲ್ಲ.

180 ಮಿ.ಮೀ. ಹಾಗಲ್ಲ. ಕರಾವಳಿಯಲ್ಲಿ ಜೂನ್–ಜುಲೈನಲ್ಲಿ ಅಷ್ಟು ಮಳೆ ಬರುವುದುಂಟು. ಇಲ್ಲಿ ಕೆಟ್ಟಿರುವುದು ಅಂಕಿಯ ವಿಳಾಸ. ಎಲ್ಲಿ ಬಿದ್ದ ಮಳೆ? ಹೊನ್ನಾವರದ ದಂಡೆ, ಸಿದ್ದಾಪುರದ ಘಟ್ಟ, ಮುಂಡಗೋಡಿನ ಬಯಲು, ಇವುಗಳ ಮಳೆ ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಒಂದು ಮಾಪನ ಕೇಂದ್ರದ ಗರಿಷ್ಠವನ್ನು "ಜಿಲ್ಲೆಯಲ್ಲಿ" ಎಂದು ಬರೆದರೆ ಹಳಿಯಾಳದವನಿಗೆ ಅದು ಸುಳ್ಳಾಗಿ ಕಾಣುತ್ತದೆ. ಯಾವಾಗ ಬಿದ್ದದ್ದು? ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಮಂಗಳವಾರದ ಲೆಕ್ಕದಲ್ಲಿ ಬರುವ ಮಳೆಯ ಬಹುಪಾಲು ಸೋಮವಾರದ್ದು. ಗುಡ್ಡ ಕುಸಿದದ್ದು ಮಂಗಳವಾರ ಸಂಜೆ ಆಗಿದ್ದರೆ ಈ ಅಂಕಿಗೂ ಕುಸಿತಕ್ಕೂ ನೇರ ನಂಟು ಕಟ್ಟಲು ಬರುವುದಿಲ್ಲ, ಮರುದಿನದ ಲೆಕ್ಕವನ್ನೂ ನೋಡಬೇಕು.

"ದಾಖಲೆ" ಎಂಬುದಕ್ಕೆ ಹಿಂದಿನ ದಾಖಲೆ ಎಷ್ಟು, ಯಾವ ವರ್ಷದ್ದು, ಯಾವ ಕೇಂದ್ರದ್ದು ಎಂಬ ಮೂರೂ ಬೇಕು. ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಗೆ 64.5ರಿಂದ 115.5 ಮಿ.ಮೀ. ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೇಲೆ ಅತ್ಯಂತ ಭಾರಿ. 180 ಎರಡನೇ ವರ್ಗದೊಳಗೇ ಇದೆ. ಅತ್ಯಂತ ಭಾರಿಯ ಗೆರೆಯನ್ನೂ ಮುಟ್ಟದ ಮಳೆಯನ್ನು ಈ ಕರಾವಳಿಯಲ್ಲಿ ದಾಖಲೆ ಎನ್ನುವುದು ಬಲು ದೊಡ್ಡ ಮಾತು. ಹೋಬಳಿ ಮಟ್ಟದ ಅಂಕಿ ಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೊಡುತ್ತದೆ. ಸಾರ್ವಜನಿಕವಾಗಿ ಸಿಗುವ ಮಾಹಿತಿ ಅದು, ವರದಿಗಾರನೂ ನೋಡಬಹುದಿತ್ತು, ವಿಮರ್ಶೆ ಬರೆಯುವ ನೀವೂ ನೋಡಬೇಕು.

ಇದೇ ಕಣ್ಣನ್ನು ಬೇರೆ ಸುದ್ದಿಗೂ ಹಾಯಿಸಿ. ಶಿರಸಿ ಮಾರುಕಟ್ಟೆಯ ಅಡಿಕೆ ದರ ಶೀರ್ಷಿಕೆಯಾದಾಗ ಅದು ಚಾಲಿಯದೋ (ಒಣಗಿಸಿದ ಬಿಳಿ ಅಡಿಕೆ) ರಾಶಿಯದೋ (ಬೇಯಿಸಿದ ಕೆಂಪಡಿಕೆ), ಗರಿಷ್ಠ ದರವೋ ಹೆಚ್ಚಿನ ಮಾಲು ಮಾರಾಟವಾದ ದರವೋ ನೋಡಿ. ಗರಿಷ್ಠ ದರ ಹರಾಜಿಗಿಟ್ಟ ಒಂದೆರಡು ಗುಂಪಿನ ಮಾಲಿಗೆ ಮಾತ್ರ ಸಿಕ್ಕಿರಬಹುದು. ಬೆಳೆಗಾರ ಅದನ್ನೇ ನಂಬಿ ಮಾಲು ಹಿಡಿದಿಟ್ಟುಕೊಂಡರೆ ನಷ್ಟ ಅವನದ್ದು. ಕೈಗಾ ಅಣುಸ್ಥಾವರದ ಸುದ್ದಿಯಲ್ಲಿ ಮೆಗಾವಾಟ್ (ಉತ್ಪಾದನಾ ಸಾಮರ್ಥ್ಯ) ಮತ್ತು ಯೂನಿಟ್ (ಉತ್ಪಾದನೆಯಾದ ವಿದ್ಯುತ್) ಅದಲುಬದಲಾಗುತ್ತವೆ. 220 ಮೆಗಾವಾಟ್‌ನ ಒಂದು ಘಟಕ ಪೂರ್ಣ ಸಾಮರ್ಥ್ಯದಲ್ಲಿ 24 ಗಂಟೆ ಓಡಿದರೆ 52.8 ಲಕ್ಷ ಯೂನಿಟ್ ಆಗುತ್ತದೆ. "ದಿನಕ್ಕೆ 220 ಮೆಗಾವಾಟ್ ಉತ್ಪಾದನೆ" ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ.

ದೇವಿಮನೆ_ತಿರುವು

ಊರಿನ ವಿಷಯ ಸೇರಿಸುತ್ತೇನೆ. ಜಿಲ್ಲಾ ಸುದ್ದಿಯ ವಿಮರ್ಶೆಯಲ್ಲಿ ಇದು ಅಲಂಕಾರವಲ್ಲ, ನಿಖರತೆಯ ಮೊದಲ ಪರೀಕ್ಷೆ.

2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನದು, ಗಂಗಾವಳಿ ದಂಡೆಯದ್ದು. ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲೂ ಒಂದು ಶಿರೂರು ಇದೆ, ಅದೂ ಇದೇ ಹೆದ್ದಾರಿ 66ರ ಮೇಲೇ. ತಾಲ್ಲೂಕಿನ ಹೆಸರಿಲ್ಲದೆ "ಹೆದ್ದಾರಿ 66, ಶಿರೂರು" ಎಂದು ಬರೆದರೆ ಭಟ್ಕಳದಿಂದ ಹೊರಟವನಿಗೆ ದಾರಿ ಬಂದ್ ಆಗಿರುವುದು ತನ್ನ ತೆಂಕಣಕ್ಕೋ ಬಡಗಣಕ್ಕೋ ತಿಳಿಯುವುದಿಲ್ಲ. ಹಾಗೆಯೇ 2024ರ ಆಗಸ್ಟ್ 7ರ ನಸುಕಿನಲ್ಲಿ ಬಿದ್ದದ್ದು ಕಾಳಿಯ ಹಳೆಯ ಸೇತುವೆ, ಪಕ್ಕದ ಹೊಸದು ನಿಂತಿತ್ತು. "ಕಾಳಿ ಸೇತುವೆ ಕುಸಿತ" ಎಂಬ ಮೂರು ಪದದ ಶೀರ್ಷಿಕೆಗೆ "ಹಳೆ" ಎಂಬ ಎರಡು ಅಕ್ಷರ ಸೇರಿಸಲು ಯಾವ ಪುಟದಲ್ಲೂ ಜಾಗ ಸಾಲದೆ ಹೋಗುವುದಿಲ್ಲ. ಆ ಎರಡು ಅಕ್ಷರ ಇಲ್ಲದಿದ್ದರೆ ಗೋವಾ ದಾರಿಯೇ ಕಡಿದುಹೋಯಿತು ಎಂದು ಓದುಗ ತಿಳಿಯುತ್ತಾನೆ.

ಈ ಮಾದರಿ ವರದಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕೊರತೆ ಬದಲಿ ದಾರಿ. ಹೆದ್ದಾರಿ ಮುಚ್ಚಿದ ದಿನ ಓದುಗನಿಗೆ ಬೇಕಾದ್ದು ಅದೇ. ಬಸ್ಸುಗಳನ್ನು ಎಲ್ಲಿಂದ ತಿರುಗಿಸಿದ್ದಾರೆ? ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟ ತೆರೆದಿದೆಯೇ? ಅಂಕೋಲಾ–ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ಭಾರಿ ವಾಹನ ಬಿಡುತ್ತಿದ್ದಾರೆಯೇ? "ಪರದಾಡುವಂತಾಗಿದೆ" ಎಂದು ಬರೆದವರು ಪರದಾಟ ತಪ್ಪಿಸುವ ಒಂದು ವಾಕ್ಯ ಬರೆಯಲಿಲ್ಲ. ವಿಮರ್ಶೆಯಲ್ಲಿ ಬರೆದದ್ದರ ತಪ್ಪು ಹುಡುಕುವಷ್ಟೇ ಶ್ರದ್ಧೆಯಿಂದ ಬರೆಯದೆ ಬಿಟ್ಟದ್ದನ್ನೂ ಹುಡುಕಬೇಕು. ಅದಕ್ಕೆ ದಾರಿ ಸುಲಭ: ಈ ಸುದ್ದಿಯನ್ನು ಇವತ್ತು ಯಾರು ಓದುತ್ತಾರೆ, ಓದಿದ ಮೇಲೆ ಏನು ಮಾಡಬೇಕಾಗಿದೆ ಎಂದು ಕೇಳಿ. ಮೀನುಗಾರಿಕೆ ಸುದ್ದಿಗೂ ಇದೇ ಮಾತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಾಂತ್ರೀಕೃತ ದೋಣಿಗಳಿಗೆ. "ಮೀನುಗಾರಿಕೆ ಸಂಪೂರ್ಣ ಬಂದ್" ಎಂದು ಬರೆದರೆ ನಾಡದೋಣಿಯವರು ಕಾನೂನು ಮುರಿಯುತ್ತಿದ್ದಾರೆ ಎಂಬಂತಾಗುತ್ತದೆ.

ಚಿತ್ರವನ್ನೂ ಬಿಡಬೇಡಿ. ಮಳೆಗಾಲದಲ್ಲಿ ಹಳೆಯ ಕುಸಿತದ ಚಿತ್ರ ಹೊಸ ಸುದ್ದಿಗೆ ಅಂಟಿಕೊಳ್ಳುವುದು ಸಾಮಾನ್ಯ. ಚಿತ್ರಶೀರ್ಷಿಕೆಯಲ್ಲಿ ದಿನ, ಸ್ಥಳ, ತೆಗೆದವರ ಹೆಸರು ಇಲ್ಲದಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಚಿತ್ರ ಹಳೆಯದೆಂದು ಸಿಕ್ಕಿಬಿದ್ದರೆ ಅದೇ ಒಂದು ಪ್ಯಾರಾ.

ಒಂದು ಕಡೆ ಡೆಸ್ಕ್_ಮೂಲೆ ಅವರ ಮಾತಿಗೆ ತಿದ್ದುಪಡಿ ಬೇಕೆನಿಸುತ್ತದೆ. "ಇದ್ದು" ಎಂಬ ಕೊಂಡಿಯೆಲ್ಲ ರೋಗವಲ್ಲ. "ಸೇತುವೆ ಮುಳುಗಿದ್ದು, ದೋಣಿಯಲ್ಲಿ ದಾಟಿಸಲಾಗುತ್ತಿದೆ" ಎಂಬಲ್ಲಿ ಎರಡಕ್ಕೂ ನಿಜವಾದ ನಂಟಿದೆ, ಓದಲು ಸರಾಗವಾಗಿದೆ. ಕೊಂಡಿ ಕಂಡ ಕೂಡಲೇ ಕೆಂಪು ಗೆರೆ ಎಳೆದರೆ ವಿಮರ್ಶೆ ಯಾಂತ್ರಿಕವಾಗುತ್ತದೆ.

ಡೆಸ್ಕ್_ಮೂಲೆ

ಒಂದೇ ಕೊಂಡಿ ಇದ್ದು ನಂಟು ನಿಜವಾಗಿದ್ದರೆ ನನ್ನ ತಕರಾರಿಲ್ಲ. ಎರಡನೇ ಕೊಂಡಿ ಬಿದ್ದಲ್ಲಿ ನಿಲ್ಲಿಸಿ ನೋಡಿ ಎನ್ನುತ್ತೇನೆ.

"ಎನ್ನಲಾಗಿದೆ" ಬಗ್ಗೆ ಮಾತ್ರ ನಾನು ಬಗ್ಗುವುದಿಲ್ಲ. ಕುಸಿತಕ್ಕೆ ಕಾರಣ ಅವೈಜ್ಞಾನಿಕ ಕಾಮಗಾರಿ ಎಂಬುದು ಎಂಜಿನಿಯರುಗಳ ಮೇಲೂ ಗುತ್ತಿಗೆದಾರರ ಮೇಲೂ ಹೊರಿಸುವ ಗಂಭೀರ ದೂರು. ಗುಡ್ಡವನ್ನು ಎಷ್ಟು ಕಡಿದಾಗಿ ಕತ್ತರಿಸಿದ್ದಾರೆ, ನೀರು ಹರಿದುಹೋಗಲು ಚರಂಡಿ ಇದೆಯೇ, ಮಣ್ಣಿನ ಪದರ ಯಾವ ಬಗೆಯದು, ಇವನ್ನು ನೋಡಿ ಹೇಳಬಲ್ಲವರು ಇದ್ದಾರೆ. ದೇಶದಲ್ಲಿ ಭೂಕುಸಿತ ಅಧ್ಯಯನದ ಹೊಣೆ ಇರುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ. ಅವರ ವರದಿ ಇನ್ನೂ ಬಂದಿಲ್ಲದಿದ್ದರೆ "ಕಾರಣ ಇನ್ನೂ ಖಚಿತವಾಗಿಲ್ಲ, ಕಾಮಗಾರಿಯೇ ಕಾರಣವೆಂದು ಇಂಥ ಗ್ರಾಮ ಪಂಚಾಯ್ತಿ ಸದಸ್ಯರು ದೂರಿದರು, ಪ್ರಾಧಿಕಾರದ ಪ್ರತಿಕ್ರಿಯೆ ಇದು" ಎಂದು ಬರೆಯಬೇಕು. ದೂರು ನಿಜವೇ ಇರಬಹುದು. ಹೇಳಿದವರ ಹೆಸರಿಲ್ಲದ ದೂರನ್ನು ಪ್ರಾಧಿಕಾರ ಕೂಡ ಸುಲಭವಾಗಿ ಕೊಡವಿ ಹಾಕುತ್ತದೆ. ನಷ್ಟ ಗುಡ್ಡದ ಬುಡದಲ್ಲಿ ಮನೆ ಇರುವವರಿಗೇ.

ಹೇಳಿಕೆಯ ಕ್ರಿಯಾಪದಗಳನ್ನೂ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. "ಹೇಳಿದರು" ಯಾರ ಪರವೂ ಅಲ್ಲ. "ಸ್ಪಷ್ಟಪಡಿಸಿದರು" ಎಂದರೆ ಅವರು ಹೇಳಿದ್ದು ನಿಜ ಎಂದು ಪತ್ರಿಕೆ ಒಪ್ಪಿದಂತೆ. "ಆರೋಪಿಸಿದರು" ಎಂದರೆ ಅನುಮಾನ ಉಳಿಸಿದಂತೆ. ಒಂದೇ ವರದಿಯಲ್ಲಿ ಅಧಿಕಾರಿ ಸದಾ ಸ್ಪಷ್ಟಪಡಿಸುತ್ತ, ಗ್ರಾಮಸ್ಥರು ಸದಾ ಆರೋಪಿಸುತ್ತ ಇದ್ದರೆ ವರದಿ ಯಾರ ಕಡೆ ವಾಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೋಡಿಬಾಗ_ವಿದ್ಯಾರ್ಥಿ

ತುಂಬ ಉಪಯೋಗವಾಯಿತು. ಎರಡು ಸಂಗತಿ ಕೇಳಬೇಕು. ಅಪರಾಧ ಸುದ್ದಿಗೂ ಇದೇ ಕ್ರಮ ಸಾಕೇ? ಮತ್ತೆ, ಕರಡಿನ ಮೊದಲ ಪ್ಯಾರಾ ಹೀಗೆ ಬರೆದಿದ್ದೇನೆ, ಸರಿ ಇದೆಯೇ?

"ವರದಿಗಾರರು ಸ್ಥಳಕ್ಕೆ ಹೋಗದೆ ಕಚೇರಿಯಲ್ಲಿ ಕೂತು ಬರೆದಿರುವುದು ಸ್ಪಷ್ಟ. ಹತ್ತು ಹೇಳಿಕೆಗಳಲ್ಲಿ ಒಂದಕ್ಕೂ ಮೂಲವಿಲ್ಲ. ನೀರಿನ ಅಂಕಿಯಂತೆ ಮಳೆಯ ಅಂಕಿಯೂ ಸುಳ್ಳು. ಓದುಗರನ್ನು ಹೆದರಿಸುವ ಉದ್ದೇಶದಿಂದ ಉತ್ಪ್ರೇಕ್ಷೆ ಮಾಡಲಾಗಿದೆ."

ಗಂಗಾವಳಿ_ದಂಡೆ

ಅಪರಾಧ ಸುದ್ದಿಗೆ ಈ ಕ್ರಮ ಬೇಕು, ಆದರೆ ಸಾಲದು. ಅಲ್ಲಿ ಮೊದಲು ನೋಡಬೇಕಾದ್ದು ಯಾರ ಗುರುತು ಬಯಲಾಗಿದೆ ಎಂಬುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಪ್ರಕಟಿಸುವುದನ್ನು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72, ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ತಡೆಯುತ್ತವೆ. ಹೆಸರು ಬರೆಯದಿದ್ದರೆ ಆಯಿತು ಎಂದುಕೊಳ್ಳುವವರೇ ಹೆಚ್ಚು. ನಮ್ಮ ಕಡೆ ಒಂದು ಮಜರೆಯಲ್ಲಿ, ಅಂದರೆ ಊರಿಗೆ ಸೇರಿದ ಪುಟ್ಟ ಕೇರಿಯಲ್ಲಿ, ಹತ್ತೋ ಹದಿನೈದೋ ಮನೆ. ಮಜರೆಯ ಹೆಸರು, ತಂದೆಯ ಕೆಲಸ, ಮಗು ಓದುವ ತರಗತಿ, ಈ ಮೂರು ಬರೆದರೆ ಇಡೀ ಪಂಚಾಯ್ತಿಗೆ ಮಗು ಯಾರೆಂದು ಗೊತ್ತಾಗುತ್ತದೆ. ಆರೋಪಿ ಹತ್ತಿರದ ಸಂಬಂಧಿಯಾಗಿದ್ದು ಅವನ ಹೆಸರನ್ನೂ ಸಂಬಂಧವನ್ನೂ ಬರೆದರೆ ಮಗುವಿನ ಹೆಸರು ಬರೆದಂತೆಯೇ. ಆದ್ದರಿಂದ ಒಂದೊಂದು ವಿವರವನ್ನೂ ಬಿಡಿಯಾಗಿ ನೋಡದೆ ಎಲ್ಲವನ್ನೂ ಕೂಡಿಸಿ ನೋಡಿ. ನಿಮ್ಮ ವಿಮರ್ಶೆಯಲ್ಲಿ ಅದೇ ವಿವರಗಳನ್ನು ಉದ್ಧರಿಸಿ ಮತ್ತೆ ಹರಡಬೇಡಿ, "ಮೂರು ವಿವರಗಳಿಂದ ಗುರುತು ಸಿಗುತ್ತದೆ" ಎಂದರೆ ಸಾಕು. ಉಳಿದಂತೆ ಎಫ್‌ಐಆರ್‌ನಲ್ಲಿರುವುದು ದೂರು, ತೀರ್ಪಲ್ಲ. ಬಂಧನವಾದ ದಿನವೇ "ಕೊಲೆಗಾರ ಸೆರೆ" ಎಂಬ ಶೀರ್ಷಿಕೆ ಬಂದರೆ ಅದು ನೇರ ತಪ್ಪು. ಶೀರ್ಷಿಕೆ ಕೊಡುವುದು ಸಾಮಾನ್ಯವಾಗಿ ಡೆಸ್ಕು (ಕಚೇರಿಯ ಸಂಪಾದನಾ ವಿಭಾಗ), ತಾಲ್ಲೂಕಿನ ವರದಿಗಾರ ಅಲ್ಲ, ಇಬ್ಬರ ಹೊಣೆಯನ್ನೂ ಬೇರೆ ಬೇರೆ ಇಟ್ಟು ಬರೆಯಿರಿ.

ಆರೋಗ್ಯ ಸುದ್ದಿಯಲ್ಲಿ ಮಂಗನ ಕಾಯಿಲೆಯ ವರದಿಗಳನ್ನು ಅಭ್ಯಾಸಕ್ಕೆ ತೆಗೆದುಕೊಳ್ಳಿ. ಅದನ್ನು ಮನುಷ್ಯರಿಗೆ ದಾಟಿಸುವುದು ಉಣ್ಣೆ, ಅಂದರೆ ರಕ್ತ ಹೀರುವ ಉಣುಗು. ಮಂಗ ಸತ್ತುಬಿದ್ದರೆ ಅಲ್ಲಿ ಸೋಂಕಿನ ಉಣ್ಣೆ ಇರಬಹುದೆಂಬ ಎಚ್ಚರಿಕೆ. "ಮಂಗಗಳಿಂದ ಹರಡುವ ರೋಗ" ಎಂದಷ್ಟೇ ಬರೆದರೆ ಸೊಪ್ಪು, ತರಗೆಲೆಗೆ ಕಾಡಿಗೆ ಹೋಗುವವರು ಉಣ್ಣೆಯ ಬಗ್ಗೆ ಎಚ್ಚರ ವಹಿಸುವುದಿಲ್ಲ. ಶಂಕಿತ ಪ್ರಕರಣ ಎಷ್ಟು, ಪ್ರಯೋಗಾಲಯದಲ್ಲಿ ದೃಢಪಟ್ಟದ್ದು ಎಷ್ಟು ಎಂಬುದು ಬೇರೆ ಬೇರೆ ಬರಬೇಕು.

ಈಗ ನಿಮ್ಮ ಕರಡು. ನಾಲ್ಕು ವಾಕ್ಯಗಳಲ್ಲಿ ಎರಡನೆಯದು ಮಾತ್ರ ಪೂರ್ತಿ ಉಳಿಯುತ್ತದೆ. ವರದಿಗಾರ ಸ್ಥಳಕ್ಕೆ ಹೋದರೋ ಇಲ್ಲವೋ ನಿಮಗೆ ಗೊತ್ತಿಲ್ಲ. ಹೋಗಿ ನೋಡಿ ಬರೆದದ್ದನ್ನು ಡೆಸ್ಕಿನಲ್ಲಿ ಕತ್ತರಿಸಿರಲೂಬಹುದು. ನಿಮಗೆ ಗೊತ್ತಿರುವುದು ಇಷ್ಟು: "ಸ್ಥಳದಲ್ಲಿದ್ದವರಿಗೆ ಮಾತ್ರ ತಿಳಿಯುವ ಒಂದು ವಿವರವೂ ಈ ವರದಿಯಲ್ಲಿಲ್ಲ." ಮಳೆಯ ಅಂಕಿ ಸುಳ್ಳು ಎನ್ನಲು ನಿಮ್ಮ ಬಳಿ ಬೇರೆ ಅಂಕಿ ಇಲ್ಲ, ಮಳೆಮಾಪಕ ಅವರೂ ಹಾಗೆ ಹೇಳಿಲ್ಲ. "180 ಮಿ.ಮೀ. ಯಾವ ಕೇಂದ್ರದ್ದು, ಯಾವ 24 ಗಂಟೆಯದ್ದು ಎಂದು ವರದಿ ಹೇಳುವುದಿಲ್ಲ, ದಾಖಲೆ ಎಂಬುದಕ್ಕೆ ಹೋಲಿಕೆ ಕೊಟ್ಟಿಲ್ಲ" ಎಂದು ಬದಲಿಸಿ. ಕೊನೆಯ ವಾಕ್ಯದಲ್ಲಿ ಉದ್ದೇಶವನ್ನು ಊಹಿಸಿದ್ದೀರಿ, ಅದನ್ನು ತೆಗೆಯಿರಿ. ಆ ಜಾಗದಲ್ಲಿ ಬದಲಿ ದಾರಿಯ ಮಾತು ಹಾಕಿ. ಇನ್ನೊಂದು: "ಉತ್ಪ್ರೇಕ್ಷೆ ಮಾಡಲಾಗಿದೆ" ಎಂದು ಬರೆದಿದ್ದೀರಿ. ಯಾರು ಮಾಡಿದ್ದು, ಯಾವ ಪದದಲ್ಲಿ? "ಸಾವಿರಾರು" ಎಂಬ ಪದವನ್ನು ಎತ್ತಿ ತೋರಿಸಿ, ನಿಂತ ವಾಹನಗಳ ಸಂಖ್ಯೆಯನ್ನು ಪೊಲೀಸರಿಂದ ಪಡೆಯಬಹುದಿತ್ತು ಎಂದು ಸೇರಿಸಿ.